ಹೊಳೆಸಾಲಿನ ಪರವಾಗಿ ನಿಂತ ಧಾರವಾಡದ ಸಂಸ್ಥೆ

ಹುಬ್ಬಳ್ಳಿ ಮತ್ತು ಧಾರವಾಡದ ನಡುವಿನ ರಾಯಾಪುರದವರಿಗೆ ತುಂಗಭದ್ರೆ ತಮ್ಮ ಹೊಳೆ ಎನ್ನಿಸಲು ಮೇಲ್ನೋಟಕ್ಕೆ ಯಾವ ಕಾರಣವೂ ಇಲ್ಲ. ಹುಬ್ಬಳ್ಳಿ 1955ರಿಂದ ನೀರಸಾಗರದ ನೀರು ಕುಡಿಯಿತು. ಆಮೇಲೆ ಸವದತ್ತಿ ಕಡೆಯಿಂದ ಮಲಪ್ರಭೆ ಅವಳಿ ನಗರಕ್ಕೆ ಬಂದಳು. ಧಾರವಾಡದ ದಿನ್ನೆಯ ಮೇಲೆ ಬಿದ್ದ ಮಳೆ ಪಡುವಣಕ್ಕೆ ಇಳಿದರೆ ಶಾಲ್ಮಲೆ, ಬೇಡ್ತಿಗಳ ಹಾದಿ ಹಿಡಿದು ಅರಬ್ಬಿ ಸಮುದ್ರ ಸೇರುತ್ತದೆ. ಮೂಡಣಕ್ಕೆ ಇಳಿದರೆ ಮಲಪ್ರಭೆ, ಕೃಷ್ಣೆಯರ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ತುಂಗಭದ್ರೆ ಹರಿಯುವುದು ಇಲ್ಲಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ದಕ್ಷಿಣಕ್ಕೆ, ರಾಣೆಬೆನ್ನೂರಿನ ಆಚೆ. ಆದರೂ ಆ ಹೊಳೆ ಕೆಟ್ಟಾಗ, ಅದರ ದಂಡೆಯವರ ಜೊತೆ ನಿಲ್ಲಲು ಮುಂದಾದ ಸಂಸ್ಥೆ ಧಾರವಾಡದ್ದು. ಅದರ ಹೆಸರು ಸಮಾಜ ಪರಿವರ್ತನ ಸಮುದಾಯ. ಅವಳಿ ನಗರದ ಸಾರ್ವಜನಿಕ ಬದುಕನ್ನು ನೆನೆಯುವ ಸಂಚಿಕೆಯಲ್ಲಿ ಈ ಸಂಸ್ಥೆಗೆ ಕೆಲವು ಪುಟ ಸಲ್ಲಲೇಬೇಕು.

1980ರ ದಶಕದ ಧಾರವಾಡ ಜಿಲ್ಲೆ ಇಂದಿನಷ್ಟು ಸಣ್ಣದಲ್ಲ. 1997ರಲ್ಲಿ ಹಾವೇರಿ ಮತ್ತು ಗದಗ ಬೇರೆ ಜಿಲ್ಲೆಗಳಾಗುವವರೆಗೆ ರಾಣೆಬೆನ್ನೂರು, ಹಿರೇಕೆರೂರು, ಹಾನಗಲ್ಲ, ಶಿರಹಟ್ಟಿ, ಮುಂಡರಗಿ ಎಲ್ಲವೂ ಧಾರವಾಡದ ತಾಲ್ಲೂಕುಗಳೇ. ಹೊಳೆಸಾಲಿನ ರೈತ ಅರ್ಜಿ ಹಿಡಿದು ಜಿಲ್ಲಾಧಿಕಾರಿಯನ್ನು ಕಾಣಬೇಕಾದರೆ ಬಸ್ಸು ಹತ್ತಿ ಧಾರವಾಡಕ್ಕೇ ಬರಬೇಕಿತ್ತು. ಹಾಗಾಗಿ ದಂಡೆಯ ಹಳ್ಳಿಗಳ ಅಹವಾಲು ಊರಿನ ಕಿವಿಗೆ ಬೀಳುವುದು ಸಹಜವಾಗಿತ್ತು. ಕೇಳಿಸಿಕೊಂಡ ಮೇಲೆ ಏನು ಮಾಡಬೇಕು ಎಂಬುದನ್ನು ಹಂತ ಹಂತವಾಗಿ ಕಲಿತದ್ದೇ ಈ ಸಂಸ್ಥೆಯ ಮೊದಲ ಏಳೆಂಟು ವರ್ಷಗಳ ಇತಿಹಾಸ.

ತುಂಗಾ ಮತ್ತು ಭದ್ರಾ ಶಿವಮೊಗ್ಗದ ಸಮೀಪದ ಕೂಡ್ಲಿಯಲ್ಲಿ ಒಂದಾಗುತ್ತವೆ. ಅಲ್ಲಿಂದ ಕೆಳಗೆ, ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ, ಬಿರ್ಲಾ ಸಮೂಹದ ಹರಿಹರ ಪಾಲಿಫೈಬರ್ಸ್ 1970ರ ದಶಕದ ಆರಂಭದಲ್ಲಿ ಕೆಲಸ ಶುರುಮಾಡಿತು. ರೇಯಾನ್ ನೂಲಿಗೆ ಬೇಕಾದ ಮರದ ತಿರುಳನ್ನು ತಯಾರಿಸುವ ಕಾರ್ಖಾನೆ ಅದು. ಮರವನ್ನು ಚಕ್ಕೆ ಮಾಡಿ, ಕ್ಷಾರದ ದ್ರಾವಣದಲ್ಲಿ ಒತ್ತಡ ಕೊಟ್ಟು ಬೇಯಿಸಿದರೆ ನಾರಿನ ಅಂಶ ಉಳಿದು, ಮರವನ್ನು ಗಟ್ಟಿಯಾಗಿ ಹಿಡಿದಿಟ್ಟಿದ್ದ ಲಿಗ್ನಿನ್ ಕಪ್ಪು ದ್ರವವಾಗಿ ಬೇರ್ಪಡುತ್ತದೆ. ಆಮೇಲೆ ತೊಳೆಯಬೇಕು, ಬಿಳಿಚಿಸಬೇಕು, ಮತ್ತೆ ತೊಳೆಯಬೇಕು. ಇಷ್ಟಕ್ಕೂ ನೀರು ಹೊಳೆಯದು, ಮಿಕ್ಕ ಕೊಳೆ ನೀರು ಹೋಗುವುದೂ ಹೊಳೆಗೇ.

ಮಳೆಗಾಲದ ತುಂಬು ಹೊಳೆಯಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ಬೇಸಿಗೆಯಲ್ಲಿ ಹರಿವು ಇಳಿದಾಗ ಲೆಕ್ಕವೇ ಬೇರೆ. ಮರದಿಂದ ಬಂದ ಸಾವಯವ ಕೊಳೆಯನ್ನು ಒಡೆಯುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಮೀನಿಗೆ ಉಸಿರು ಸಿಗುವುದಿಲ್ಲ. ಕಾರ್ಖಾನೆಯ ಕೆಳಗಿನ ದಂಡೆಯ ಹಳ್ಳಿಗಳಿಗೆ ಹೊಳೆಯೇ ಬಾವಿ, ಹೊಳೆಯೇ ದನಗಳ ಗೋದಲಿ, ಹೊಳೆಯೇ ಮಡಿ ಒಗೆಯುವ ಕಟ್ಟೆ. ಹರಗೋಲು ಮತ್ತು ಬಲೆಯನ್ನೇ ನೆಚ್ಚಿದ ಮೀನುಗಾರ ಮನೆತನಗಳಿಗೆ ಅದು ಹೊಲ ಕೂಡ. 1980ರ ದಶಕದ ಆರಂಭದಲ್ಲಿ ಈ ಹಳ್ಳಿಗಳಿಂದ ಮೀನು ಸಾಯುವ, ನೀರು ಬಣ್ಣಗೆಡುವ, ಮೈ ತುರಿಸುವ ದೂರುಗಳು ಬರತೊಡಗಿದವು.

ಈ ದೂರುಗಳನ್ನು ಹತ್ತಿರದಿಂದ ಕಂಡವರಲ್ಲಿ ಎಸ್.ಆರ್. ಹಿರೇಮಠರೂ ಒಬ್ಬರು. ಅಮೆರಿಕದಲ್ಲಿ ಓದಿ ನೌಕರಿ ಮಾಡುತ್ತಿದ್ದ ಅವರು ಅಲ್ಲಿನ ಗೆಳೆಯರೊಡನೆ 1974ರಲ್ಲಿ ಷಿಕಾಗೋದಲ್ಲಿ ಇಂಡಿಯಾ ಡೆವಲಪ್‌ಮೆಂಟ್ ಸರ್ವೀಸ್ ಎಂಬ ಸಂಸ್ಥೆ ಕಟ್ಟಿದ್ದರು. 1979ರಲ್ಲಿ ಪತ್ನಿಯೊಡನೆ ಊರಿಗೆ ಮರಳಿ ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ ಗ್ರಾಮಾಭಿವೃದ್ಧಿಯ ಕೆಲಸಕ್ಕೆ ಇಳಿದರು. ಹಳ್ಳಿಯಲ್ಲಿ ಉಳಿತಾಯ, ಕೈಕಸುಬು, ಶಾಲೆ ಎಂದು ದುಡಿಯುವಾಗ ಹತ್ತಿರದ ಹೊಳೆಯೇ ಕೆಡುತ್ತಿದ್ದರೆ, ಅಭಿವೃದ್ಧಿ ಎಂಬ ಮಾತಿಗೆ ಎಲ್ಲಿಂದ ಅರ್ಥ ಬರಬೇಕು? ಸೇವೆಯ ಜೊತೆಗೆ ಹೋರಾಟವನ್ನೂ ಕೈಗೆತ್ತಿಕೊಳ್ಳುವ ಪ್ರತ್ಯೇಕ ವೇದಿಕೆಯಾಗಿ ಸಮಾಜ ಪರಿವರ್ತನ ಸಮುದಾಯ 1984ರಲ್ಲಿ ಧಾರವಾಡದಲ್ಲಿ ರೂಪುಗೊಂಡಿತು.

ಅದೇ ವರ್ಷ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಕಾರ್ಖಾನೆಯ ಎದುರು ದೊಡ್ಡ ಪ್ರದರ್ಶನ ನಡೆಯಿತು. ಈ ತಾರೀಖಿನ ಬಗ್ಗೆ ಒಂದು ಕ್ಷಣ ಯೋಚಿಸಬೇಕು. ಭೋಪಾಲದ ದುರಂತ ನಡೆದದ್ದು ಅದಾದ ಎರಡು ತಿಂಗಳಿಗೆ. ಪರಿಸರ ಸಂರಕ್ಷಣಾ ಕಾಯ್ದೆ ಬಂದದ್ದು 1986ರಲ್ಲಿ. ಕೈಯಲ್ಲಿದ್ದದ್ದು 1974ರ ಜಲಮಾಲಿನ್ಯ ಕಾಯ್ದೆ ಮತ್ತು ಅದರಡಿ ಹುಟ್ಟಿದ ರಾಜ್ಯ ಮಂಡಳಿ ಮಾತ್ರ. ಕಾರ್ಖಾನೆಯ ವಿರುದ್ಧ ಮಾತಾಡುವುದೆಂದರೆ ಕೂಲಿಯ ವಿರುದ್ಧ, ಪ್ರಗತಿಯ ವಿರುದ್ಧ ಮಾತಾಡಿದಂತೆ ಎಂದು ತಿಳಿಯುತ್ತಿದ್ದ ದಿನಗಳವು. ದಂಡೆಯ ಹಳ್ಳಿಗಳ ಎಷ್ಟೋ ಮನೆಗಳಿಗೆ ಅದೇ ಕಾರ್ಖಾನೆಯ ಸಂಬಳ ಬರುವಾಗ ಆ ಗೇಟಿನ ಮುಂದೆ ನಿಲ್ಲುವುದಕ್ಕೆ ಧೈರ್ಯ ಬೇಕಿತ್ತು.

ಇಂಥದೇ ಕಥೆ ಕೇರಳದಲ್ಲೂ ನಡೆಯುತ್ತಿತ್ತು. ಕೋಝಿಕ್ಕೋಡ್ ಜಿಲ್ಲೆಯ ಮಾವೂರಿನಲ್ಲಿ ಇದೇ ಸಮೂಹದ ರೇಯಾನ್ ತಿರುಳಿನ ಕಾರ್ಖಾನೆ ಚಾಲಿಯಾರ್ ನದಿಯ ದಂಡೆಯ ಮೇಲಿತ್ತು. ಅಲ್ಲಿನ ಜನ ದಶಕಗಳ ಕಾಲ ಹೋರಾಡಿದರು. ನದಿಯ ದಂಡೆ, ಕಾಡಿನ ಕಚ್ಚಾ ಸಾಮಗ್ರಿ, ಸರ್ಕಾರದ ರಿಯಾಯಿತಿ: ಮೂರೂ ಕೂಡಿದ ಕಡೆಯಲ್ಲೆಲ್ಲ ಉದ್ಯಮ ಬೆಳೆದು, ಹೊಳೆ ಸೊರಗುವುದು ಆ ಕಾಲದ ಸಾಮಾನ್ಯ ರೀತಿಯಾಗಿತ್ತು.

1985ರ ಡಿಸೆಂಬರಿನಲ್ಲಿ ಸಮುದಾಯ ಕರ್ನಾಟಕ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿತು. ಅರ್ಜಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ವಿರುದ್ಧವಿತ್ತು. ತುಂಗಭದ್ರೆಗೆ ಆಗುತ್ತಿರುವ ಮಾಲಿನ್ಯವನ್ನು ತಡೆಯಬೇಕಾದ ಮಂಡಳಿ ತನ್ನ ಕರ್ತವ್ಯ ಮಾಡಿಲ್ಲ ಎಂಬುದೇ ಅದರ ತಿರುಳು. ಇದು ತುಂಬ ವಿವೇಕದ ಹೆಜ್ಜೆ. ಕಾರ್ಖಾನೆಯನ್ನಷ್ಟೇ ಹಿಡಿದರೆ ಅದು ಒಂದು ಕಂಪನಿ ಮತ್ತು ಕೆಲವು ಹಳ್ಳಿಗಳ ಜಗಳವಾಗಿ ಉಳಿಯುತ್ತದೆ. ಕಾಯಬೇಕಾದವರನ್ನು ಪ್ರಶ್ನಿಸಿದರೆ, ರಾಜ್ಯದ ಎಲ್ಲ ಹೊಳೆಗಳ ಪ್ರಶ್ನೆ ಅದರೊಳಗೆ ಬರುತ್ತದೆ. ಪತ್ರ, ಸಾಮಾನ್ಯ ಅರ್ಜಿಗಳನ್ನೂ ಸುಪ್ರೀಂ ಕೋರ್ಟು ಕೈಗೆತ್ತಿಕೊಳ್ಳತೊಡಗಿದ್ದ, ಡೂನ್ ಕಣಿವೆಯ ಸುಣ್ಣಕಲ್ಲಿನ ಗಣಿಗಳ ಮೊಕದ್ದಮೆ ನಡೆಯುತ್ತಿದ್ದ ವರ್ಷಗಳವು. ಆ ಹೊಸ ಬಾಗಿಲನ್ನು ಉತ್ತರ ಕರ್ನಾಟಕದ ಹಳ್ಳಿಗಳಿಗಾಗಿ ತಟ್ಟಿದವರಲ್ಲಿ ಧಾರವಾಡದ ಈ ಗುಂಪು ಮೊದಲ ಸಾಲಿನದು.

ಹೊಳೆಯ ಅರ್ಜಿಗೆ ಒಂದು ಕಷ್ಟವಿದೆ. ಹರಿವ ನೀರಿಗೆ ಗಡಿಕಲ್ಲಿಲ್ಲ, ಉತಾರದಲ್ಲಿ ಒಡೆಯನ ಹೆಸರಿಲ್ಲ. ಇರಾನಿನ ರಾಮ್‌ಸರ್ ನಗರದಲ್ಲಿ 1971ರಲ್ಲಿ ರೂಪುಗೊಂಡ ಅಂತಾರಾಷ್ಟ್ರೀಯ ಒಪ್ಪಂದ ಜೌಗು, ಕೆರೆಗಳ ಜೊತೆಗೆ ಹರಿವ ನೀರನ್ನೂ ಜಲಭೂಮಿ ಎಂದೇ ಎಣಿಸುತ್ತದೆ. 1982ರಲ್ಲಿ ಭಾರತವೂ ಅದಕ್ಕೆ ಸೇರಿತು. ಆದರೆ ಮುಂದೆ ನಮ್ಮ ದೇಶ ಮಾಡಿಕೊಂಡ 2010 ಮತ್ತು 2017ರ ಜಲಭೂಮಿ ನಿಯಮಗಳು ನದಿಯ ಪಾತ್ರವನ್ನು ಹೊರಗಿಟ್ಟವು. ಕುಡಿಯುವ ನೀರಿಗಾಗಿ, ನೀರಾವರಿಗಾಗಿ ಮನುಷ್ಯರೇ ಕಟ್ಟಿದ ಜಲಾಶಯಗಳೂ 2017ರ ವ್ಯಾಖ್ಯೆಯಿಂದ ಹೊರಗುಳಿದವು. ಕರ್ನಾಟಕದ ಕೆರೆಗಳಲ್ಲಿ ಬಹುಪಾಲು ಹೀಗೆ ಕಟ್ಟಿದವೇ ಆದ್ದರಿಂದ ಇದು ಸಣ್ಣ ಮಾತಲ್ಲ. ಹೊಳೆಯನ್ನೋ ಕೆರೆಯನ್ನೋ ಕಾಯಹೊರಟ ಊರವರು ಇವತ್ತಿಗೂ ಒಂದೇ ಕಾನೂನನ್ನು ನೆಚ್ಚುವಂತಿಲ್ಲ. ಮಾಲಿನ್ಯದ್ದು, ಅರಣ್ಯದ್ದು, ಕಂದಾಯದ್ದು, ವನ್ಯಜೀವಿಯದ್ದು ಎಂದು ನಾಲ್ಕಾರು ಕಾಯ್ದೆಗಳ ಎಳೆ ಕೂಡಿಸಬೇಕು. ಸಮುದಾಯದ ಕಾರ್ಯಕರ್ತರು ಆ ಕೆಲಸವನ್ನು 1980ರ ದಶಕದಲ್ಲೇ ಮಾಡಿದ್ದರು.

ಹೊಳೆಯ ಮೊಕದ್ದಮೆ ವಿಚಾರಣೆಗೆ ಬರುವ ಮೊದಲೇ ಅದೇ ಕಾರ್ಖಾನೆಯ ಇನ್ನೊಂದು ಕೈ ಗುಡ್ಡದ ಕಡೆ ಚಾಚಿತು. ತಿರುಳಿಗೆ ಮರ ಬೇಕು, ಮರಕ್ಕೆ ನೆಲ ಬೇಕು. 1984ರ ನವೆಂಬರ್ 14ರಂದು ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಒಪ್ಪಂದ ಮಾಡಿಕೊಂಡು ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಎಂಬ ಹೊಸ ಕಂಪನಿ ಹುಟ್ಟುಹಾಕಿದವು. ಸರ್ಕಾರದ ಪಾಲು ಶೇ 51, ಕಾರ್ಖಾನೆಯದು ಶೇ 49. ನಾಲ್ಕು ಜಿಲ್ಲೆಗಳಲ್ಲಿ ಹರಡಿದ 30,000 ಹೆಕ್ಟೇರ್, ಅಂದರೆ ಸುಮಾರು 75,000 ಎಕರೆ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಮತ್ತು ಬೇಗ ಬೆಳೆಯುವ ಇತರ ಮರ ಬೆಳೆಸುವುದು ಅದರ ಕೆಲಸ. ಗುತ್ತಿಗೆ 40 ವರ್ಷ. ಬಾಡಿಗೆ ಎಕರೆಗೆ ವರ್ಷಕ್ಕೆ ಒಂದು ರೂಪಾಯಿ. ಬೆಳೆದದ್ದರಲ್ಲಿ ಶೇ 87.5 ನೇರವಾಗಿ ಕಾರ್ಖಾನೆಗೆ; ಉಳಿದ ಶೇ 12.5ನ್ನೂ ಕೊಳ್ಳುವ ಹಕ್ಕು ಅದಕ್ಕೇ.

ಸರ್ಕಾರಿ ಕಡತದಲ್ಲಿ ಇವು ಸಿ ಮತ್ತು ಡಿ ವರ್ಗದ ಜಮೀನುಗಳು, ಅಂದರೆ ಉಪಯೋಗಕ್ಕೆ ಬಾರದ ಬೀಳು. ಹಳ್ಳಿಯವರಿಗೆ ಅದು ಗಾಯರಾಣ, ಗುಡ್ಡ, ಹುಲ್ಲುಗಾವಲು. ಕುರಿ, ದನ ಮೇಯುವುದು ಅಲ್ಲಿ. ಒಲೆಗೆ ಕಟ್ಟಿಗೆ, ಗುಡಿಸಲಿಗೆ ಹುಲ್ಲು, ರಂಟೆ ಕುಂಟೆಗೆ ಮರ ಸಿಗುವುದು ಅಲ್ಲಿ. ಹೊಲವಿಲ್ಲದವರಿಗೆ ಇದ್ದ ಆಸ್ತಿ ಅದೊಂದೇ. ಗುಡ್ಡಕ್ಕೆ ಬಿದ್ದ ಮಳೆಯನ್ನು ಹುಲ್ಲು, ಪೊದೆ ತಡೆದು ಇಂಗಿಸಿದರೆ ಮಾತ್ರ ಕೆಳಗಿನ ಕೆರೆಗೆ ನಿಧಾನವಾಗಿ ನೀರು ಬರುತ್ತದೆ ಎಂಬುದು ದನ ಕಾಯುವ ಹುಡುಗನಿಗೂ ಗೊತ್ತಿರುವ ಸಂಗತಿ. ಒಂದೇ ಕಾರ್ಖಾನೆಯ ಕಾರಣಕ್ಕೆ ಹೊಳೆಸಾಲಿನವರಿಗೆ ನೀರು ಕೆಟ್ಟಿತು, ಗುಡ್ಡನಾಡಿನವರಿಗೆ ನೆಲ ಹೋಗುತ್ತಿತ್ತು. ಈ ಎರಡನ್ನೂ ಒಂದೇ ಮೊಕದ್ದಮೆಯ ಎರಡು ಭಾಗಗಳಂತೆ ಕಂಡದ್ದು ಸಮುದಾಯದ ದೊಡ್ಡ ಗುಣ ಎಂದು ಈ ಲೇಖಕನ ಅಭಿಪ್ರಾಯ.

ರಿಯಾಯಿತಿಯ ಈ ಪದ್ಧತಿ ಹೊಸದಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆಗೆ ಉತ್ತರ ಕನ್ನಡದ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಯಂತೆ ಹೋಗುತ್ತಿದ್ದ ಕಾಲವಿತ್ತು. ಬುಟ್ಟಿ ಹೆಣೆಯುವವರು ಅದೇ ಬಿದಿರಿಗೆ ಪೇಟೆಯ ದರ ಕೊಡಬೇಕಿತ್ತು. ಅವರ ಕೂಗಿನ ಮೇಲೆ 1970ರ ದಶಕದ ನಡುವೆ ಬಿದಿರಿನ ಸ್ಥಿತಿ ಅಧ್ಯಯನ ಮಾಡಿದವರು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್. ಅವರ ಹೆಸರು ಈ ಕಥೆಯಲ್ಲಿ ಮತ್ತೆ ಬರುತ್ತದೆ.

ಪಲ್ಪ್‌ವುಡ್ಸ್ ವಿರುದ್ಧ ಮೊದಲು ಹೈಕೋರ್ಟಿಗೆ ಹೋದವರು ಸಾಗರ ತಾಲ್ಲೂಕಿನ ರೈತರ ನಡುವೆ ಕೆಲಸ ಮಾಡುತ್ತಿದ್ದ ಯುವಕರ ಸಂಘಟನೆ. ಆ ಹೆಜ್ಜೆಯಿಂದ ಪ್ರೇರಣೆ ಪಡೆದ ಸಮುದಾಯ ನೇರವಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಅರ್ಜಿದಾರರ ಸಾಲಿನಲ್ಲಿ ಆಗ ಎಂಬತ್ತೈದರ ಆಸುಪಾಸಿನಲ್ಲಿದ್ದ ಶಿವರಾಮ ಕಾರಂತರಿದ್ದರು. ಚಿಪ್ಕೊ ಚಳವಳಿಯ ಚಂಡೀ ಪ್ರಸಾದ ಭಟ್ಟರು, ದೆಹಲಿಯ ಪರಿಸರ ಬರಹಗಾರ ಅನಿಲ್ ಅಗರ್‌ವಾಲ್ ಇದ್ದರು. ಇವರ ಜೊತೆಗೆ, ನೆಲ ಕಳೆದುಕೊಳ್ಳುತ್ತಿದ್ದ ಧಾರವಾಡ ಜಿಲ್ಲೆಯ ಐವರು ಹಳ್ಳಿಗರೂ ಇದ್ದರು. ಸುಮಾರು ಐದು ಲಕ್ಷ ಹಳ್ಳಿಗರ ಪರವಾಗಿ ಮಾತಾಡುತ್ತಿದ್ದೇವೆ, ಸಾರ್ವಜನಿಕ ಭೂಮಿಯನ್ನು ಒಂದೇ ಕಂಪನಿಗೆ ಬರೆದುಕೊಡುವುದು ಅಧಿಕಾರದ ದುರುಪಯೋಗ ಎಂಬುದು ಅವರ ವಾದ. 1987ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಹೆಚ್ಚಿನ ಜಮೀನು ಹಸ್ತಾಂತರಕ್ಕೆ ತಡೆ ಕೊಟ್ಟಿತು.

ಬೇರೆ ಸಂಸ್ಥೆಯಾಗಿದ್ದರೆ ತಡೆಯಾಜ್ಞೆಯ ಕಾಗದ ಕಪಾಟಿನಲ್ಲಿಟ್ಟು ಮುಂದಿನ ತಾರೀಖಿಗೆ ಕಾಯುತ್ತಿತ್ತೇನೋ. ಇವರು ಹಳ್ಳಿಗೆ ಹೋದರು.

ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಸುಮಾರು 400 ಮನೆಗಳು. ಅಲ್ಲಿ ಅಷ್ಟೇ ಹೆಕ್ಟೇರ್ ಜಮೀನು ಆಗಲೇ ಕಂಪನಿಯ ಕೈಸೇರಿತ್ತು. 1987ರ ಮೇ ತಿಂಗಳಲ್ಲಿ ಸಮುದಾಯ ಅಲ್ಲಿ ಅಹಿಂಸೆಯ ತರಬೇತಿ ಶಿಬಿರ ನಡೆಸಿತು. ಊರವರದೇ ಆದ ಗುಡ್ಡನಾಡು ಅಭಿವೃದ್ಧಿ ಸಮಿತಿ ಹುಟ್ಟಿಕೊಂಡಿತು. ಧಾರವಾಡದಿಂದ ಬಂದವರು ಮುಂದಾಳುಗಳು, ಹಳ್ಳಿಯವರು ಹಿಂಬಾಲಕರು ಎಂದಾಗಬಾರದು. ಅದಕ್ಕಾಗಿ ಎರಡು ಸಂಸ್ಥೆಗಳು ಹೆಗಲಿಗೆ ಹೆಗಲು ಕೊಟ್ಟು ನಡೆಯುವ ಈ ಏರ್ಪಾಡು. ಅರ್ಧ ವರ್ಷ ಸುತ್ತಲ ಹಳ್ಳಿಗಳಲ್ಲಿ ಸಭೆಗಳು ನಡೆದವು. ಕಂಪನಿ ಹುಟ್ಟಿದ ಮೂರನೇ ವರ್ಷದ ದಿನವಾದ ನವೆಂಬರ್ 14ನ್ನೇ ಆರಿಸಿಕೊಂಡರು.

ಆ ದಿನ ಕುಸನೂರಿಗೆ ಬಂದವರು ಸುಮಾರು ಎರಡು ಸಾವಿರ ಜನ. ಗಂಡಸರು, ಹೆಂಗಸರು, ಮಕ್ಕಳು ಶಾಲೆಯ ಅಂಗಳದಲ್ಲಿ ನಿಂತು ಅಹಿಂಸೆಯ ಪ್ರತಿಜ್ಞೆ ಮಾಡಿದರು. ವಾದ್ಯದವರು ಮುಂದೆ, ಫಲಕ ಹಿಡಿದವರು ಹಿಂದೆ, ಘೋಷಣೆ ಕೂಗುತ್ತ ಮೆರವಣಿಗೆ ಗುಡ್ಡದ ಕಡೆ ಹೊರಟಿತು. ತಕರಾರಿನ ಜಾಗ ಮುಟ್ಟಿದ ಮೇಲೆ ನೀಲಗಿರಿಯ ನೂರು ಸಸಿ ಕಿತ್ತರು. ಆ ಜಾಗದಲ್ಲಿ ಹಣ್ಣಿಗೆ, ಮೇವಿಗೆ ಒದಗುವ ಗಿಡ ಹಚ್ಚಿದರು. ಹಚ್ಚಿದ ಗಿಡಕ್ಕೆ ನೀರುಣಿಸಿ ಕಾಪಾಡುತ್ತೇವೆಂದು ಮತ್ತೊಮ್ಮೆ ಮಾತುಕೊಟ್ಟು ಚೆದುರಿದರು. ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ ಎಂದು ಅದಕ್ಕೆ ಹೆಸರಾಯಿತು.

ಇದರ ಹಿಂದಿನ ಎಚ್ಚರವನ್ನು ಗಮನಿಸಬೇಕು. ಎರಡು ಸಾವಿರ ಕೈಗಳಿಗೆ ಒಂದು ಬೆಳಗಿನಲ್ಲಿ ಇಡೀ ತೋಪನ್ನೇ ಕೀಳುವುದು ಕಷ್ಟವೇನಲ್ಲ. ನೂರಕ್ಕೇ ನಿಲ್ಲಿಸಿದರು. ಕಿತ್ತ ಕಡೆಯೇ ಹಚ್ಚಿದರು. ತಮಗೆ ಗಿಡದ ಮೇಲೆ ಹಗೆಯಿಲ್ಲ, ಯಾವ ಗಿಡ ಬೇಕೆಂದು ಹೇಳುವ ಹಕ್ಕು ಊರಿನದು ಎಂಬುದು ಅಲ್ಲಿ ಭಾಷಣವಿಲ್ಲದೆ ಎಲ್ಲರಿಗೂ ತಿಳಿಯಿತು. ನಾಲ್ಕು ವರ್ಷ ಹಿಂದೆ, 1983ರ ಸೆಪ್ಟೆಂಬರಿನಲ್ಲಿ, ಶಿರಸಿಯ ಬಳಿಯ ಕಾಡಿನಲ್ಲಿ ಅಪ್ಪಿಕೋ ಚಳವಳಿಯವರು ಕೊಡಲಿಗೆ ಅಡ್ಡವಾಗಿ ಮರ ಅಪ್ಪಿ ನಿಂತಿದ್ದರು. ಘಟ್ಟದ ಮೇಲೆ ಮರ ಉಳಿಸುವುದು, ಬಯಲಿನ ಅಂಚಿನಲ್ಲಿ ಮರ ಕೀಳುವುದು: ನೋಡಲು ಎದುರುಬದುರು, ಕೇಳುತ್ತಿದ್ದ ಪ್ರಶ್ನೆ ಒಂದೇ.

ಮುಂದಿನ ದಾರಿ ಸುಗಮವಾಗಿರಲಿಲ್ಲ. 1988ರ ಏಪ್ರಿಲ್ 26ರಂದು ಸುಪ್ರೀಂ ಕೋರ್ಟು ತಡೆಯನ್ನು ಸಡಿಲಿಸಿ ಇನ್ನೂ 3,000 ಹೆಕ್ಟೇರ್ ಕೊಡಲು ಒಪ್ಪಿತು. ತೀರ್ಪು ತಮ್ಮ ಕಡೆ ಬರುತ್ತದೆಂಬ ಭರವಸೆ ಕುಂದಿತು. ಮತ್ತೆ ಶಿಬಿರಗಳು, ಮತ್ತೆ ಸಭೆಗಳು ಶುರುವಾದವು. ಜೂನ್ 3ರಂದು ರಾಜ್ಯದ ಮುಖ್ಯ ಕಾರ್ಯದರ್ಶಿ ಸಮುದಾಯ, ಕಂಪನಿ, ಅರಣ್ಯ ಇಲಾಖೆ ಮೂವರನ್ನೂ ಕರೆದು ಕೂರಿಸಿ, ಮಾಧವ ಗಾಡ್ಗೀಳರ ಏಕಸದಸ್ಯ ಆಯೋಗದ ಸಲಹೆ ಮುಂದಿಟ್ಟರು. ವರದಿ ಬರುವವರೆಗೆ ಕಂಪನಿ ಧಾರವಾಡ ಜಿಲ್ಲೆಯಲ್ಲಿ ಕೆಲಸ ನಿಲ್ಲಿಸಬೇಕು, ಸಮುದಾಯ ಮಳೆಗಾಲದ ಸತ್ಯಾಗ್ರಹ ಬಿಡಬೇಕು. ಎರಡು ತಿಂಗಳು ಕಳೆದರೂ ಮಾತು ಮುಂದೆ ಸಾಗಲಿಲ್ಲ. ಆಗಸ್ಟ್ 8ರಂದು, ಕ್ವಿಟ್ ಇಂಡಿಯಾ ಚಳವಳಿಯ ನೆನಪಿನ ದಿನ, ಜನ ಮತ್ತೆ ಕಿತ್ತು ಹಚ್ಚಲು ಇಳಿದರು. ಪೊಲೀಸರು ಬಂಧಿಸಿ ಕರೆದೊಯ್ದರು.

ಕೊನೆಗೆ ಕೆಲಸ ಮಾಡಿದ್ದು ಹಲವು ಕಡೆಯ ಒತ್ತಡ. ಆಗಷ್ಟೇ ಚುನಾವಣೆ ಕಂಡು ಅಧಿಕಾರಕ್ಕೆ ಬಂದಿದ್ದ ಮಂಡಲ ಪಂಚಾಯತಿಗಳು ಕಂಪನಿ ಬೇಡವೆಂದು ಠರಾವು ಮಾಡಿದವು. ಶಾಸನಸಭೆಯ 54 ಸದಸ್ಯರು ಮನವಿಗೆ ಸಹಿ ಹಾಕಿದರು. ಪತ್ರಿಕೆಗಳು ಬರೆದವು. ಹೆಗಡೆ, ಬೊಮ್ಮಾಯಿ, ವೀರೇಂದ್ರ ಪಾಟೀಲ, ಬಂಗಾರಪ್ಪ ಎಂದು ನಾಲ್ವರು ಮುಖ್ಯಮಂತ್ರಿಗಳು ಬಂದು ಹೋದ ಆ ಏಳು ವರ್ಷಗಳ ಕೊನೆಗೆ, 1991ರ ಅಕ್ಟೋಬರಿನಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಬಾಗಿಲು ಹಾಕಿತು. 40 ವರ್ಷದ ಗುತ್ತಿಗೆ ಏಳನೆಯ ವರ್ಷಕ್ಕೇ ಮುಗಿಯಿತು. ಅದಾಗಿ ಎರಡು ವರ್ಷದೊಳಗೆ, 1993ರ ಏಪ್ರಿಲಿನಲ್ಲಿ, ಜಂಟಿ ಅರಣ್ಯ ಯೋಜನೆಯ ಸರ್ಕಾರಿ ಆದೇಶ ಬಂತು. ಗ್ರಾಮ ಅರಣ್ಯ ಸಮಿತಿಗಳ ಮೂಲಕ ಊರಿಗೂ ಪಾಲು ಎಂಬ ಮಾತು ಕಡತದಲ್ಲಿ ಜಾಗ ಪಡೆಯಿತು.

ಅವಳಿ ನಗರದ ಓದುಗರು ಇಲ್ಲಿ ತಮ್ಮ ಸುತ್ತಲಿನ ಕೆರೆಗಳನ್ನು ನೆನೆದರೆ ತಪ್ಪಿಲ್ಲ. ಉಣಕಲ್ಲ, ಕೆಲಗೇರಿ, ನವಲೂರು, ಸಾಧನಕೇರಿ, ತೋಳನಕೆರೆ, ಇವೆಲ್ಲ ಊರಿನ ಬಾಯಾರಿಕೆ ತಣಿಸಿದ್ದೋ ದನಕ್ಕೆ, ತೋಟಕ್ಕೆ ಒದಗಿದ್ದೋ ಉಂಟು. ನಲ್ಲಿಯಲ್ಲಿ ದೂರದ ನೀರು ಬಂದ ಮೇಲೆ ಹತ್ತಿರದ ಕೆರೆ ನೋಡಲು ಚೆಂದದ ಜಾಗ ಮಾತ್ರವಾಯಿತು. ಒಳಹರಿವಿನ ಹಳ್ಳಗಳನ್ನು ಕೇಳುವವರಿಲ್ಲದಂತಾಯಿತು. ಗಟಾರದ ನೀರು ಸೇರಿದರೆ ಅಂತರಗಂಗೆ ಹಬ್ಬುವುದು, ಅದನ್ನು ವರ್ಷವರ್ಷ ತೆಗೆಸುವುದು ನಡೆದೇ ಇದೆ. ದಂಡೆಗೆ ಕಲ್ಲು ಹಾಸಿ, ನಡೆಯುವ ದಾರಿ ಮಾಡಿ, ದೀಪ ಹಚ್ಚಿದರೆ ಸಂಜೆಯ ವಿಹಾರಕ್ಕೆ ಅನುಕೂಲ ನಿಜ. ಆದರೆ ಕೆರೆಯ ಆರೋಗ್ಯ ಇರುವುದು ಅದಕ್ಕೆ ಬರುವ ನೀರಿನಲ್ಲಿ. 2014ರ ರಾಜ್ಯದ ಕೆರೆ ಸಂರಕ್ಷಣಾ ಕಾಯ್ದೆ ಒತ್ತುವರಿ ತೆರವಿಗೆ ದಾರಿ ಮಾಡಿದೆ; ಅದನ್ನು ಬಳಸಬೇಕಾದರೆ ಉತಾರ, ಗ್ರಾಮ ನಕಾಶೆ, ಹಳ್ಳದ ಜಾಡು, ನೀರಿನ ಪರೀಕ್ಷೆಯ ಫಲಿತಾಂಶ ಕೈಯಲ್ಲಿರಬೇಕು. ಕುಮಾರಪಟ್ಟಣದ ಹೊಳೆಯ ವಿಷಯದಲ್ಲಿ ಸಮುದಾಯ ಮಾಡಿದ್ದು ಇದೇ ಬಗೆಯ ಕೆಲಸ. ಮೊದಲು ಬೀದಿಗೆ ಇಳಿಯಿತು, ಆಮೇಲೆ ಸಿಟ್ಟನ್ನು ದಾಖಲೆಯಾಗಿಸಿತು.

ಹತ್ತಿರದ ಎರಡು ಕೆರೆಗಳ ಉದಾಹರಣೆ ಬೇರೆ ದಾರಿಯನ್ನೂ ತೋರಿಸುತ್ತದೆ. ಹಳೆಯ ಧಾರವಾಡ ಜಿಲ್ಲೆಯದೇ ಆಗಿದ್ದ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಚಳಿಗಾಲದ ಪಟ್ಟೆತಲೆ ಹೆಬ್ಬಾತುಗಳಿಗೆ ಹೆಸರಾದದ್ದು. ಹಿಮಾಲಯದಾಚೆಯಿಂದ ಹಾರಿಬರುವ ಈ ಹಕ್ಕಿಗಳು ಸುತ್ತಲ ಹೊಲಗಳಲ್ಲಿ ಮೇಯುತ್ತವೆ. ಹಗರಿಬೊಮ್ಮನಹಳ್ಳಿಯ ಬಳಿಯ ಅಂಕಸಮುದ್ರದ ಕೆರೆಯಲ್ಲಿ ನೀರಿನ ನಡುವಿನ ಕರಿಜಾಲಿಗಳ ಮೇಲೆ ಸಾವಿರಾರು ಹಕ್ಕಿ ಗೂಡು ಕಟ್ಟುತ್ತವೆ. ಎರಡೂ ಜನ ಕಟ್ಟಿದ ಕೆರೆಗಳು. ವನ್ಯಜೀವಿ ಕಾಯ್ದೆಯಡಿ ಸಂರಕ್ಷಣಾ ಮೀಸಲುಗಳಾಗಿ, 2024ರಲ್ಲಿ ಅಘನಾಶಿನಿ ಅಳಿವೆಯ ಜೊತೆಗೆ ರಾಮ್‌ಸರ್ ಪಟ್ಟಿ ಸೇರಿದವು: ಮಾಗಡಿ 54.38 ಹೆಕ್ಟೇರ್, ಅಂಕಸಮುದ್ರ 98.76 ಹೆಕ್ಟೇರ್. ಬೆಳೆಗೆ ಹಕ್ಕಿ ಇಳಿಯುತ್ತದೆಂದು ಗೊತ್ತಿದ್ದೂ ಕಲ್ಲೆತ್ತದ ರೈತರಿಲ್ಲದಿದ್ದರೆ ಯಾವ ಪಟ್ಟಿಯೂ ಉಪಯೋಗಕ್ಕೆ ಬರುತ್ತಿರಲಿಲ್ಲ.

ತುಂಗಭದ್ರೆಯ ಕೆಲಸ ಸಮುದಾಯಕ್ಕೆ ಪಲ್ಪ್‌ವುಡ್ಸ್ ಮುಚ್ಚಿದಲ್ಲಿಗೇ ಮುಗಿಯಲಿಲ್ಲ. ಹೊಳೆಯ ಜೊತೆ ಇನ್ನಷ್ಟು ಕೆಳಗೆ ಹೋದರೆ ಹೊಸಪೇಟೆಯ ಅಣೆಕಟ್ಟು. 1953ರಲ್ಲಿ ನೀರು ನಿಂತಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. 2016ರ ಸಮೀಕ್ಷೆಯ ಹೊತ್ತಿಗೆ 105 ಟಿಎಂಸಿ ಅಡಿ ಚಿಲ್ಲರೆಗೆ ಇಳಿದಿತ್ತು. ಹೂಳು ಇಡೀ ಜಲಾನಯನದಿಂದ ಬರುತ್ತದೆ, ಒಬ್ಬರನ್ನೇ ಹೊಣೆ ಮಾಡುವಂತಿಲ್ಲ. ಆದರೆ 2000ದ ದಶಕದಲ್ಲಿ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದಾಗ, ಬಳ್ಳಾರಿ ಜಿಲ್ಲೆಯ ಸಂಡೂರಿನ ಗುಡ್ಡಗಳನ್ನು ಗಡಿ, ಪರವಾನಗಿಗಳ ಹಂಗಿಲ್ಲದೆ ಅಗೆದ ರೀತಿ ಎಲ್ಲರ ಕಣ್ಣಿಗೂ ಕಾಣುವಂತಿತ್ತು. ಕೆಂಪು ಮಣ್ಣು ಮಳೆಯೊಡನೆ ಹಳ್ಳಗಳಿಗೆ, ನಾರಿಹಳ್ಳದ ಜಲಾಶಯಕ್ಕೆ ಇಳಿಯಿತು. ಧೂಳು ಬೆಳೆಯ ಮೇಲೆ ಕೂತಿತು.

2009ರಲ್ಲಿ ಸಮುದಾಯ ಮತ್ತೆ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವರ್ಷದ 562ನೇ ರಿಟ್ ಅರ್ಜಿ ಅದು. ನ್ಯಾಯಾಲಯ ತನ್ನ ಕೇಂದ್ರ ಉನ್ನತಾಧಿಕಾರ ಸಮಿತಿಯಿಂದ ತನಿಖೆ ಮಾಡಿಸಿತು. ಗಣಿಗಳ ಗಡಿಯನ್ನು ಹೊಸದಾಗಿ ಅಳೆಸಿತು. 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯಲ್ಲಿ, ಆಗಸ್ಟ್ 26ರಂದು ತುಮಕೂರು ಮತ್ತು ಚಿತ್ರದುರ್ಗದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಸರ್ಕಾರದ ಕೈಸೇರಿದ್ದೂ ಅದೇ ಜುಲೈನಲ್ಲಿ. 2013ರ ಏಪ್ರಿಲ್ 18ರ ತೀರ್ಪು ಗಣಿಗಳನ್ನು ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿದ್ದನ್ನು ಎತ್ತಿಹಿಡಿದು, ಗಡಿ ಮೀರಿ ಅತಿಯಾಗಿ ಅಗೆದ ಸಿ ವರ್ಗದ ಗುತ್ತಿಗೆಗಳನ್ನು ರದ್ದುಮಾಡಿತು.

1984ರಲ್ಲಿ ಗೇಟಿನ ಮುಂದೆ ನಿಂತ ಗುಂಪು ಇಪ್ಪತ್ತೈದು ವರ್ಷಗಳ ಮೇಲೆ ಉಪಗ್ರಹದ ಚಿತ್ರ, ಗಡಿಯ ಅಳತೆ, ರಫ್ತಿನ ಲೆಕ್ಕಗಳ ಮೇಲೆ ವಾದ ಕಟ್ಟಿದ್ದು ಸಾಮಾನ್ಯ ಬೆಳವಣಿಗೆಯಲ್ಲ. ವಿರೋಧವೂ ಕಡಿಮೆಯಿರಲಿಲ್ಲ. ಗಣಿ ನಿಂತಾಗ ಲಾರಿಯವರು, ಕೂಲಿಯವರು, ಹೋಟೆಲಿನವರು ಕೆಲಸ ಕಳೆದುಕೊಂಡರು. ಬಳ್ಳಾರಿ, ಹೊಸಪೇಟೆ, ಸಂಡೂರುಗಳ ಎಷ್ಟೋ ಮನೆಗಳಿಗೆ ಆ ಪೆಟ್ಟು ತಗುಲಿತು. ಆ ನೋವನ್ನು ಬಿಟ್ಟು ಈ ಹೋರಾಟದ ಇತಿಹಾಸ ಬರೆದರೆ ಅದು ಅರ್ಧ ಇತಿಹಾಸ. ಕುಮಾರಪಟ್ಟಣದಲ್ಲಿ ಮೊದಲ ದಿನ ಎದ್ದ ಸಂಬಳ ಮತ್ತು ನೀರಿನ ಪ್ರಶ್ನೆಯೇ ಸಂಡೂರಿನಲ್ಲಿ ಹತ್ತು ಪಟ್ಟಾಗಿ ಎದುರಾಯಿತು.

ಅಣೆಕಟ್ಟಿನ ಕೆಳಗೆ ಹೊಳೆ ಬಂಡೆಗಳ ನಡುವೆ ಕವಲೊಡೆದು ಹರಿಯುತ್ತದೆ. ಅಲ್ಲಿ ನೀರುನಾಯಿಗಳಿವೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಉದ್ದದ ಹೊಳೆಯನ್ನು ರಾಜ್ಯ ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಮೀನಿದ್ದರೆ ನೀರುನಾಯಿ, ಉಸಿರಾಡುವ ನೀರಿದ್ದರೆ ಮೀನು. ಮೇಲಿನ ಕಾರ್ಖಾನೆ, ಊರುಗಳ ಗಟಾರ, ಗಣಿಯ ಮಣ್ಣು ಎಲ್ಲದರ ಲೆಕ್ಕ ಕೊನೆಗೆ ಇಲ್ಲಿಗೆ ಬಂದು ಕೂಡುತ್ತದೆ.

2013ರ ತೀರ್ಪಿನ ನಂತರ ಮತ್ತೆ ತೆರೆದ ಪ್ರತಿ ಗಣಿಗೂ ಪುನಶ್ಚೇತನ ಮತ್ತು ಪುನರ್ವಸತಿ ಯೋಜನೆ ಕಡ್ಡಾಯವಾಯಿತು. ಇಳಿಜಾರಿನಲ್ಲಿ ತಡೆಗೋಡೆ, ಹಳ್ಳಕ್ಕೆ ಅಡ್ಡವಾಗಿ ಹೂಳು ಹಿಡಿಯುವ ಒಡ್ಡು, ಮಣ್ಣಿನ ರಾಶಿಯ ಮೇಲೆ ಗಿಡ, ಗಡಿಗೆ ಕಂಬ, ಇವೆಲ್ಲ ಅದರೊಳಗೆ ಬರುತ್ತವೆ. ಉತ್ಪಾದನೆಗೂ ಮಿತಿ ಬಿತ್ತು: ಮೊದಲು ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರಿಗೆ ಸೇರಿ 50 ಲಕ್ಷ ಟನ್. 2022ರಲ್ಲಿ ಆ ಮಿತಿ 3.5 ಕೋಟಿ ಮತ್ತು 1.5 ಕೋಟಿ ಟನ್‌ಗೆ ಏರಿತು. ಗಣಿ ಪ್ರದೇಶದಿಂದ ಸಂಗ್ರಹಿಸಿದ ಹಣವನ್ನು ಅಲ್ಲಿನ ನೆಲ, ನೀರು, ಜನರಿಗಾಗಿ ಖರ್ಚು ಮಾಡಲು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿತು. ಆ ಖರ್ಚಿನ ಮೇಲ್ವಿಚಾರಣೆಗೆ ಸುಪ್ರೀಂ ಕೋರ್ಟು 2022ರಲ್ಲಿ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ನೇಮಿಸಿತು. ಸಂಡೂರಿನ ಹಳ್ಳಗಳಲ್ಲಿ ಒಡ್ಡು ನಿಂತಿವೆಯೇ, ಮಳೆಗಾಲ ಮುಗಿದ ಮೇಲೆ ಅವುಗಳ ಹೂಳು ತೆಗೆಯುತ್ತಾರೆಯೇ, ನಾರಿಹಳ್ಳದ ನೀರು ತಿಳಿಯಾಗಿ ಬರುತ್ತಿದೆಯೇ ಎಂದು ವರ್ಷವರ್ಷ ನಡೆದು ನೋಡಿ ಬರೆದಿಡುವ ಕೆಲಸಕ್ಕೆ ಈಗಲೂ ಸ್ವಯಂಸೇವಕರು ಬೇಕು.